ಬಿಳಿಕೆರೆ ಬಸ್ ಸ್ಟ್ಯಾಂಡಿನಲ್ಲಿ ರಾಷ್ಟ್ರೀಯ ಭದ್ರತೆ

ಹೋದ ವರ್ಷ ವಿಶ್ವವಿದ್ಯಾಲಯದ ಪ್ರೊಫೆಸರೊಬ್ಬರು ಡ್ರೋನ್ ತೆಗೆದುಕೊಂಡು ನಮ್ಮ ಹೊಗೆಸೊಪ್ಪಿನ ಹೊಲಕ್ಕೆ ಬಂದರು. ಕೃಷಿ ಸಂಶೋಧನೆ ಎಂದರು. ಆದರೆ ಅವರ ಕ್ಯಾಮೆರಾ ಒಂದು ಗಿಡವನ್ನೂ ನೋಡಲಿಲ್ಲ. ಗುದ್ದಲಿ ಹೆಗಲ ಮೇಲಿಟ್ಟು ನಡೆಯಿರಿ, ಈಗ ಓಡಿ, ಈಗ ಬದುವಿನ ಮರೆಯಲ್ಲಿ ಅವಿತುಕೊಳ್ಳಿ ಎಂದು ಮಧ್ಯಾಹ್ನದವರೆಗೆ ನಮ್ಮನ್ನೇ ಕುಣಿಸಿದರು. ಪಂಚಾಯಿತಿ ಮೆಂಬರ್ ಬದುವಿನ ಮೇಲೆ ನಿಂತು ಮೊಬೈಲಿನಲ್ಲಿ ನಮ್ಮ ಫೋಟೋ ಹಿಡಿದ. ಅರವತ್ತು ದಾಟಿದ ನಾನು ನನ್ನದೇ ಹೊಲದಲ್ಲಿ ಕಳ್ಳನಂತೆ ತೆವಳಿದೆ.

ಮಂಡಿನೋವು ಇಳಿದ ಮೇಲೆ ಸಿಟ್ಟು ಏರಿತು. ಇದೆಲ್ಲ ಯಾತಕ್ಕೆ ಎಂದು ಮಾಹಿತಿ ಹಕ್ಕಿನಲ್ಲಿ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದೆ. ಒಂದೇ ಸಾಲಿನ ಉತ್ತರ ಬಂತು: ರಾಷ್ಟ್ರೀಯ ಭದ್ರತೆಯ ವಿಷಯ, ಮಾಹಿತಿ ಕೊಡಲಾಗದು.

ಆ ಕಾಗದ ಜೇಬಿನಲ್ಲಿಟ್ಟುಕೊಂಡು ಬಿಳಿಕೆರೆಯಲ್ಲಿ ಬಸ್ಸಿಳಿದರೆ, ಎದುರಿಗೆ ಹತ್ತಡಿಯ ಫ್ಲೆಕ್ಸ್. ಅದರಲ್ಲಿ ಮೆಂಬರ್ ಕೈಮುಗಿದು ನಿಂತಿದ್ದ. ಡ್ರೋನು ಅವನ ಕಿವಿಯಷ್ಟಿತ್ತು. ‘ಶತ್ರುಗಳನ್ನು ಗುರುತಿಸಲು ಸೇನೆಯ ಡ್ರೋನಿಗೆ ಕಲಿಸುತ್ತಿರುವ ಪ್ರೊಫೆಸರ್ ಸಾಹೇಬರಿಗೆ ಹಾರ್ದಿಕ ಸ್ವಾಗತ.’

ಮೆಂಬರ್ ಅಲ್ಲೇ ಟೀ ಅಂಗಡಿಯಲ್ಲಿ ಸಿಕ್ಕ. ನನ್ನ ಅರ್ಜಿಗೆ ಬಂದ ಕಾಗದ ತೋರಿಸಿ, ನಿನಗೆ ಇದು ಹೇಗೆ ಗೊತ್ತಾಯಿತು ಎಂದು ಕೇಳಿದೆ.

“ನೀನ್ಯಾಕಣ್ಣ ಅರ್ಜಿ ಆಕಕ್ಕೋದೆ? ನಾನ್ ಒಂದ್ ಟೀ ಕುಡ್ಸಿ ಕೇಳ್ದೆ ಕಣಣ್ಣ, ಪ್ರೊಫೆಸರೇ ಎಲ್ಲ ಯೋಳುದ್ರು. ನಿನ್ ಫೋಟೋನೂ ಆಕ್ಸಿವ್ನಿ, ನೋಡು.”

ನೋಡಿದೆ. ಫ್ಲೆಕ್ಸಿನ ಕೆಳಸಾಲಿನಲ್ಲಿ ಗುದ್ದಲಿ ಹೊತ್ತ ನಾವೆಲ್ಲ ಇದ್ದೆವು. ಶತ್ರು ಹೇಗಿರುತ್ತಾನೆಂದು ಯಂತ್ರಕ್ಕೆ ತೋರಿಸಿಕೊಟ್ಟ ನಮ್ಮ ಮುಖಗಳ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿದ್ದ: ಶುಭ ಕೋರುವವರು.