ಫೋನಿನಲ್ಲಿ ಕೇಳಿದ ಚಟನೂಗಾ

ಚಟನೂಗಾ ಅಮೆರಿಕದ ಟೆನೆಸಿ ರಾಜ್ಯದ ಒಂದು ಊರು. ದೊಡ್ಡ ಶಹರವೂ ಅಲ್ಲ, ಹಳ್ಳಿಯೂ ಅಲ್ಲ. ಸುತ್ತ ಗುಡ್ಡಗಳು, ನಡುವೆ ನದಿ. ಆ ನದಿ ಊರಿನ ಹತ್ತಿರ ಬಂದು, ಏನೋ ಮರೆತವರ ಹಾಗೆ ಹಿಂದಕ್ಕೆ ತಿರುಗಿ, ಆಮೇಲೆ ಮುಂದೆ ಹೋಗುತ್ತದೆ. ನಾನು ಆ ಊರನ್ನು ನೋಡಿಲ್ಲ. ಇಷ್ಟೆಲ್ಲ ಹೇಳಿದ್ದು ನನ್ನ ಅಕ್ಕ, ಶುಕ್ರವಾರ ಶುಕ್ರವಾರ ಫೋನಿನಲ್ಲಿ.

ಎರಡು ಸಾವಿರ ಇಸವಿ ಕಳೆದ ಮೇಲಿನ ಕೆಲವು ವರ್ಷಗಳ ಮಾತು ಇದು. ನಾವಾಗ ಕತಾರಿನ ದೋಹಾದ ಅಲ್ ಹಿಲಾಲ್‌ನಲ್ಲಿ ಎರಡನೇ ಮಾಳಿಗೆಯ ಫ್ಲ್ಯಾಟಿನಲ್ಲಿದ್ದೆವು. ನನ್ನ ಗಂಡನಿಗೆ ಮೆಸಯೀದ್‌ನ ಕಾರ್ಖಾನೆಯಲ್ಲಿ ಕೆಲಸ; ಬೆಳಕು ಹರಿಯುವ ಮೊದಲೇ ಕಂಪನಿ ಬಸ್ಸು ಬರುತ್ತಿತ್ತು. ಮಕ್ಕಳಿಲ್ಲದ ಮನೆ. ಅಡುಗೆಮನೆಯ ಕಿಟಕಿಯಿಂದ ಎದುರು ಕಟ್ಟಡದ ಎ.ಸಿ.ಗಳ ಹಿಂಭಾಗ ಕಾಣುತ್ತಿತ್ತು. ಒಂದರಿಂದ ಸದಾ ನೀರು ತೊಟ್ಟಿಕ್ಕಿ, ಗೋಡೆಯ ಮೇಲೆ ಬೆರಳಗಲದ ಪಾಚಿ ಬೆಳೆದಿತ್ತು. ನನಗೆ ದಿನವೂ ಕಾಣುವ ಹಸಿರು ಅಷ್ಟೇ. ನೆಲ ಎತ್ತ ನೋಡಿದರೂ ಚಪ್ಪಟೆ. ಟ್ಯಾಕ್ಸಿ ಫ್ಲೈಓವರ್ ಹತ್ತಿದರೆ ಅದೇ ನಮ್ಮ ಘಾಟಿ.

ವಾರದ ರಜೆ ಶುಕ್ರವಾರ; ಬೆಳಿಗ್ಗೆ ಪಾದ್ರಿಗಳ ಬಲಿಪೂಜೆಗೆ ಹೋಗಿ ಬಂದು, ಮೀನಿನ ಸಾರು ಮಾಡಿ, ಊಟವಾಗಿ ಪಾತ್ರೆ ತೊಳೆಯುವ ಹೊತ್ತಿಗೆ ಫೋನು. ಅಲ್ಲಿ ಆಗಷ್ಟೇ ಬೆಳಗಾಗಿರುತ್ತಿತ್ತು. ಅಕ್ಕ ಆಸ್ಪತ್ರೆಯ ರಾತ್ರಿ ಡ್ಯೂಟಿ ಮುಗಿಸಿ ಬಂದು ಶೂ ಬಿಚ್ಚುವ ಸದ್ದು ನನಗೆ ಕೇಳುತ್ತಿತ್ತು, ಆಮೇಲೆ ಚಹಾದ ಚಮಚದ ಸದ್ದು. ಅಮ್ಮ ತೀರಿಹೋದಾಗ ನಾನು ಆರನೇ ಕ್ಲಾಸು. ಅಲ್ಲಿಂದ ನನ್ನ ಜಡೆ ಹೆಣೆದವಳು ಅಕ್ಕ. ಕಣ್ಣು ಮೇಲಕ್ಕೆ ಎಳೆದು ಹೋಗುವಷ್ಟು ಬಿಗಿ. ಕಾನ್ವೆಂಟಿನಲ್ಲಿ ಸಿಸ್ಟರುಗಳು ನನ್ನ ಜಡೆಯನ್ನು ಬೇರೆ ಹುಡುಗಿಯರಿಗೆ ತೋರಿಸುತ್ತಿದ್ದರು. ನನಗೆ ಮದುವೆ ಮಾಡಿಸಿ, ತಾನು ಮಾಡಿಕೊಳ್ಳದೆ, ಅವಳು ನರ್ಸ್ ಕೆಲಸಕ್ಕೆ ಮೊದಲು ಕುವೈತಿಗೆ, ಅಲ್ಲಿಂದ ಅಮೆರಿಕಕ್ಕೆ ಹೋದಳು.

ಅವಳು ಊರನ್ನು ನಮ್ಮ ಮಂಗಳೂರಿನ ಅಳತೆಯಲ್ಲೇ ಹೇಳುವುದು. ಇಂಥ ಬೀದಿ ನಮ್ಮ ಬಾವುಟಗುಡ್ಡೆ ಇಳಿದ ಹಾಗೆ, ನದಿ ಉಳ್ಳಾಲ ಸೇತುವೆಯ ಹತ್ತಿರದ ನೇತ್ರಾವತಿಯ ಹಾಗೆ. ಹಿಂದೆ ಅಲ್ಲಿ ಎರಕದ ಕಾರ್ಖಾನೆಗಳ ಹೊಗೆ ಎಷ್ಟಿತ್ತೆಂದರೆ, ಆಫೀಸಿಗೆ ಹೋಗುವವರು ಬದಲಾಯಿಸಲು ಇನ್ನೊಂದು ಅಂಗಿ ಒಯ್ಯುತ್ತಿದ್ದರಂತೆ. ಈಗ ಹೊಗೆಯಿಲ್ಲ, ಪೇಟೆಯಲ್ಲಿ ಬ್ಯಾಟರಿಯ ಬಸ್ಸು, ಟಿಕೆಟ್ ಕೂಡ ಇಲ್ಲ. ನಡೆಯುವವರಿಗೆ ಮಾತ್ರ ಅಂತ ಒಂದು ನೀಲಿ ಸೇತುವೆ. ಒಂದು ಗುಡ್ಡದ ಮೇಲಿನ ಮನೆಗಳ ಅಂಗಳದಲ್ಲಿ ಹಳೆಯ ಯುದ್ಧದ ಫಿರಂಗಿ, ಅದಕ್ಕೆ ಒರಗಿಸಿಟ್ಟ ಮಕ್ಕಳ ಸೈಕಲ್ಲು. ಹಳೆಯ ರೈಲ್ವೇ ಸ್ಟೇಷನ್ ಈಗ ಹೋಟೆಲಾಗಿದೆ, ಬೋಗಿಗಳೇ ರೂಮು. "ಎಲ್ಲಿಗೂ ಹೋಗದ ರೈಲಿನಲ್ಲಿ ದುಡ್ಡು ಕೊಟ್ಟು ಮಲಗ್ತಾರೆ ಮಾರಾಯ್ತಿ" ಎಂದು ಅಕ್ಕ ನಗುತ್ತಿದ್ದಳು.

ಅವಳ ಮಾತು ಹೆಚ್ಚಾಗಿ ಬಂದು ನಿಲ್ಲುತ್ತಿದ್ದದ್ದು ಬೆಟ್ಟ ಹತ್ತುವ ರೈಲಿನ ಮೇಲೆ. ಗೋಡೆಗೆ ಏಣಿ ಇಟ್ಟಷ್ಟು ಕಡಿದಾದ ಹಳಿ, ಮೇಲೆ ಗಾಜಿನ ಮಾಡು, ಕೂತವರ ಬೆನ್ನಿಗೇ ಇಡೀ ಊರು ಕೆಳಗಿಳಿದು ಹೋಗುವುದು. ತುದಿಯಲ್ಲಿ ನಿಂತರೆ ನದಿ ತಿರುಗುವ ಜಾಗ ಕಾಣುತ್ತದೆ ಎನ್ನುತ್ತಿದ್ದಳು. ನಾನು ಪಾತ್ರೆ ಒರೆಸುತ್ತಾ ಎಷ್ಟು ಸಲ ಆ ರೈಲು ಹತ್ತಿದ್ದೇನೋ.

ಒಂದು ಶುಕ್ರವಾರ ಚಮಚದ ಸದ್ದು ಬರಲಿಲ್ಲ. ಅಕ್ಕ ಚಹಾ ಬಿಟ್ಟಿದ್ದಳು, ಸೇರುತ್ತಿರಲಿಲ್ಲ. ಹೊಟ್ಟೆಯ ಕ್ಯಾನ್ಸರ್, ಮೊದಲೇ ಹರಡಿಬಿಟ್ಟಿತ್ತು. ನರ್ಸ್ ಆದ್ದರಿಂದ ಸುತ್ತಿಬಳಸಿ ಹೇಳಲಿಲ್ಲ. ಬಾ ಎಂದೂ ಕರೆಯಲಿಲ್ಲ. ಕೆಳಗಿನ ಮನೆಯಲ್ಲಿ ಅವಳದೇ ಆಸ್ಪತ್ರೆಯ ಇನ್ನೊಬ್ಬ ನರ್ಸ್, ಆ ಊರಿನವಳೇ, ನೋಡಿಕೊಳ್ಳುತ್ತಿದ್ದಾಳೆ ಎಂದಳು. ಕೆಲವು ವಾರಗಳಾದ ಮೇಲೆ, ಬೇರೆ ಏನೋ ಮಾತಿನ ನಡುವೆ, "ಬಾಚಲಿಕ್ಕೆ ಈಗ ಕೂದಲಿಲ್ಲ, ಆದ್ರೂ ನೀನೊಮ್ಮೆ ಬಂದಿದ್ರೆ ಒಳ್ಳೇದಿತ್ತು" ಎಂದಳು.

ನಾವು ವೀಸಾಕ್ಕೆ ಹಾಕಿದೆವು. ಗಂಡ ನನ್ನನ್ನು ಕೂರಿಸಿ ಪಾಠ ಹೇಳಿದರು. ಕೇಳಿದ್ದಕ್ಕೆ ಮಾತ್ರ ಉತ್ತರ. ಎಷ್ಟು ದಿನ ಅಂದರೆ ಎರಡು ವಾರ. ಖಲಾಸ್. ಆದರೆ ನನಗೆ ಕಲಿಸಿದವರು ಬೇರೆ. ಕಾನ್ವೆಂಟಿನ ಭೂಗೋಳದ ಸಿಸ್ಟರ್ ಒಂದು ಊರಿನ ಬಗ್ಗೆ ಕೇಳಿದರೆ ಹೀಗೆ ಬರೆಯಬೇಕು ಎಂದು ರೂಢಿ ಮಾಡಿಸಿದ್ದರು: ಎಲ್ಲಿದೆ, ನೆಲ ಹೇಗೆ, ನದಿ ಯಾವುದು, ಜನರ ಕಸುಬೇನು, ನೋಡತಕ್ಕದ್ದು ಏನು. ಅರ್ಧ ಉತ್ತರ ಅರ್ಧ ಸುಳ್ಳು ಎನ್ನುತ್ತಿದ್ದರು. ಹಾಗಾಗಿ ನಾನು ಸಂದರ್ಶನದ ಹಿಂದಿನ ವಾರವೆಲ್ಲ, ಚಪಾತಿ ಲಟ್ಟಿಸುವಾಗ ಕೂಡ, ಚಟನೂಗಾವನ್ನು ಬಾಯಿಪಾಠ ಮಾಡಿದೆ. ಅಕ್ಕನ ಊರು ಗೊತ್ತಿದೆ ಅಂತಾದರೆ ಅಕ್ಕ ಇರುವುದೂ ನಿಜವೆಂದು ನಂಬುತ್ತಾರೆ ಎಂಬ ಲೆಕ್ಕ ನನ್ನದು.

ಅಮೆರಿಕದ ಎಂಬೆಸಿಯಲ್ಲಿ ಕಿಟಕಿಯ ಆಚೆ ಚಿಕ್ಕ ಪ್ರಾಯದ ಅಧಿಕಾರಿ, ಮರ್ಯಾದಸ್ಥ. ಅಲ್ಲಿ ಹೋಗಿ ಏನು ಮಾಡುತ್ತೀರಿ ಎಂದು ಕೇಳಿದ. ನಾನು ಹೇಳತೊಡಗಿದೆ. ಆಸ್ಪತ್ರೆಯಿಂದ ಮನೆಗೆ ಯಾವ ಬಸ್ಸು, ತರಕಾರಿ ಎಲ್ಲಿ, ಬಟ್ಟೆ ಒಗೆಯುವ ಅಂಗಡಿ ಯಾವ ತಿರುವಿನಲ್ಲಿ, ಭಾನುವಾರದ ಪೂಜೆ ಎಲ್ಲಿ. ಅವನು ಬರೆಯುವುದು ನಿಲ್ಲಿಸಿ ನನ್ನನ್ನೇ ನೋಡಿದ. ಮೊದಲು ಅಲ್ಲಿ ಇದ್ದಿರಾ ಎಂದ. ಇಲ್ಲ ಎಂದೆ. ಇಲ್ಲಿ ಮಕ್ಕಳು? ಇಲ್ಲ. ಕೆಲಸ? ಇಲ್ಲ.

"ಎಷ್ಟು ದಿನ ಇರುತ್ತೀರಿ?"

ಎರಡು ವಾರ ಎನ್ನಬೇಕಿತ್ತು. "ಅಕ್ಕನಿಗೆ ನಾನು ಬೇಕಾಗುವಷ್ಟು ದಿನ" ಎಂದೆ, ಪೂರ್ತಿ ವಾಕ್ಯದಲ್ಲಿ, ಒಳ್ಳೆಯ ಇಂಗ್ಲಿಷಿನಲ್ಲಿ.

ಅವನು ಪಾಸ್‌ಪೋರ್ಟನ್ನು ಹಿಂದಕ್ಕೆ ಸರಿಸಿದ. ನೀವು ಹಿಂತಿರುಗಿ ಬರುತ್ತೀರಿ ಎಂದು ನನಗೆ ಖಾತ್ರಿಯಾಗುತ್ತಿಲ್ಲ, ಕ್ಷಮಿಸಿ ಎಂದ. ನಾನು ಥ್ಯಾಂಕ್ಯೂ ಹೇಳಿಯೇ ಹೊರಗೆ ಬಂದೆ.

ಗಂಡ ಹೊರಗೆ ಬಿಸಿಲಿನಲ್ಲಿ ಕಾಯುತ್ತಿದ್ದರು. ಬಯ್ಯಲಿಲ್ಲ. ಕಾರು ಹೊರಟ ಮೇಲೆ, "ಪರೀಕ್ಷೆಯಲ್ಲಿ ಫಸ್ಟ್ ಬಂದವಳನ್ನೇ ಫೇಲ್ ಮಾಡಿದ್ರು ನೋಡು" ಎಂದರು. ಅಕ್ಕನಿಗೆ ಹೇಳಿದಾಗ ಅವಳೂ ನಕ್ಕಳು. "ಎಂತ ಮಾರಾಯ್ತಿ, ಅವರ ಊರನ್ನು ಅವರಿಗೇ ಮಾರ್ಲಿಕ್ಕೆ ಹೋದದ್ದಾ ನೀನು?" ನಗುತ್ತಲೇ ಕೆಮ್ಮು ಬಂದು ಫೋನನ್ನು ಕೆಳಗಿಟ್ಟಳು. ಕೆಲವು ತಿಂಗಳ ಮೇಲೆ ಆಸ್ಪತ್ರೆಯ ಪತ್ರವನ್ನೂ ಇಟ್ಟುಕೊಂಡು ಮತ್ತೆ ಹೋದೆ. ಆಗ ಎರಡು ವಾರ ಎಂದೇ ಹೇಳಿದೆ. ಹಿಂದೆ ಹೇಳಿದ್ದು ಅವರ ದಾಖಲೆಯಲ್ಲಿ ಇತ್ತು; ಆಗಲೂ ವೀಸಾ ಸಿಗಲಿಲ್ಲ.

ಆಮೇಲೆ ಚಟನೂಗಾ ಸಣ್ಣದಾಗುತ್ತಾ ಬಂತು. ಮೊದಲು ಗುಡ್ಡಗಳು ಹೋದವು, ಸೇತುವೆ ಹೋಯಿತು. ಅಕ್ಕ ತನ್ನ ಬೀದಿಯದಷ್ಟೇ ಹೇಳುತ್ತಿದ್ದಳು, ಎದುರು ಮನೆಯವರು ಬೇಲಿಗೆ ಬಣ್ಣ ಹಚ್ಚಿದ್ದು, ಅಂಚೆಯವನ ಚಡ್ಡಿ. ಮತ್ತೆ ಕಿಟಕಿ ಮಾತ್ರ. ಹಕ್ಕಿಗೆ ಕಾಳು ಹಾಕುವ ಡಬ್ಬಿಗೆ ಅಳಿಲು ನೇತುಬಿದ್ದದ್ದು. ಕೊನೆಕೊನೆಗೆ ಮಾಡಿನಲ್ಲಿ ನೀರು ಇಳಿದು ಆದ ಕಲೆ, ಅದು ನಮ್ಮ ಜಿಲ್ಲೆಯ ನಕ್ಷೆಯ ಹಾಗೆ ಉಂಟು ಎಂದಿದ್ದಳು. ಆ ಮೇಲೆ ಅವಳು ಮಾತಾಡುತ್ತಿರಲಿಲ್ಲ, ನಾನು ಹೇಳುತ್ತಿದ್ದೆ. ದೋಹಾದಲ್ಲಿ ಹೇಳಲು ಏನಿತ್ತು, ಪಾಚಿಯ ಬಗ್ಗೆ ಹೇಳುತ್ತಿದ್ದೆ.

ಕೊನೆಯ ಫೋನೂ ಶುಕ್ರವಾರವೇ ಬಂತು, ಅದೇ ಹೊತ್ತಿಗೆ. ನಾನು "ಅಕ್ಕಾ" ಎಂದೇ ಎತ್ತಿಕೊಂಡೆ. ಆಚೆ ಕೆಳಗಿನ ಮನೆಯ ನರ್ಸ್. ಅವಳಿಗೆ ನನ್ನ ಭಾಷೆ ಬಾರದಿದ್ದರೂ ಆ ಒಂದು ಶಬ್ದ ಗೊತ್ತಿತ್ತು, ಅದನ್ನು ಕೇಳಿ, ನಾನು ಅವಳಲ್ಲ ಎಂದಳು, ಆಮೇಲೆ ಸುದ್ದಿ ಹೇಳಿದಳು.

ಮಣ್ಣು ಮಾಡುವುದು ಎಲ್ಲಿ ಎಂದು ಅವಳು ನನ್ನನ್ನೇ ಕೇಳಬೇಕಾಯಿತು. ಅಕ್ಕನಿಗೆ ಇಷ್ಟದ ಜಾಗ ಯಾವುದಾದರೂ ಇತ್ತೇ? ನಾನು ತಡವರಿಸದೆ ಬೆಟ್ಟದ ರೈಲಿನ ಮಾತು ಹೇಳಿದೆ. ಆ ಬೆಟ್ಟ ಕಾಣುವ ಕಡೆ ಆದೀತೇ, ಅವಳಿಗೆ ಅದನ್ನು ಹತ್ತುವುದೆಂದರೆ ಜೀವ ಎಂದೆ.

"ಅವಳು ಒಮ್ಮೆಯೂ ಹತ್ತಿಲ್ಲ" ಎಂದಳು ನರ್ಸ್. "ಪ್ರತಿ ವರ್ಷ ಎಲೆ ಕೆಂಪಾಗುವಾಗ ನಾನು ಕರೆಯುತ್ತಿದ್ದೆ. ತಂಗಿ ಬರಲಿ, ಇಬ್ಬರೂ ಸೇರಿ ಹೋಗ್ತೇವೆ ಅನ್ನುತ್ತಿದ್ದಳು."

ಬೆಟ್ಟ ಕಾಣುವ ಕಡೆ ಜಾಗ ಸಿಗಲಿಲ್ಲ. ಬೇರೆ ಕಡೆ, ಸಮತಟ್ಟು ನೆಲದಲ್ಲಿ ಮಣ್ಣು ಮಾಡಿದರು.

ಮುಂದಿನ ಶುಕ್ರವಾರ ಊಟವಾದ ಮೇಲೆ ಗಂಡ ನನ್ನನ್ನು ಮನೆಯಲ್ಲಿ ಕೂರಲು ಬಿಡದೆ ಕಾರಿನಲ್ಲಿ ಮೆಸಯೀದ್‌ನ ಕಡೆ ಕರೆದುಕೊಂಡು ಹೋದರು. ಅಲ್ಲಿ ಸಮುದ್ರದ ಹತ್ತಿರ ಮರಳಿನ ದಿಬ್ಬಗಳಿವೆ, ಆ ನಾಡಿನಲ್ಲಿ ನಾನು ಕಂಡ ಎತ್ತರ ಅಷ್ಟೇ. ನಾವು ಒಂದನ್ನು ಹತ್ತತೊಡಗಿದೆವು. ಕಾಲಿಟ್ಟಲ್ಲೆಲ್ಲ ಮರಳು ಜಾರಿ ಕೆಳಕ್ಕೇ ಬರುತ್ತಿದ್ದೆವು. ಅರ್ಧದಲ್ಲಿ ಕೂತೆ. ಅವರು ನಾಲ್ಕು ಹೆಜ್ಜೆ ಮೇಲೆ ನಿಂತು ಕೈ ಚಾಚಿದರು. ಮೇಲಿಂದ ಸಮುದ್ರ ಕಾಣುತ್ತದೆ, ಬಾ ಎಂದರು.

ಬೇಡ ಎಂದೆ. ಅವರು ಬಂದು ಪಕ್ಕದಲ್ಲಿ ಕೂತು ಶೂ ಬಿಚ್ಚಿ ಮರಳು ಸುರಿದರು. ಆಮೇಲೆ ನನ್ನ ಚಪ್ಪಲಿಯನ್ನೂ ಕೊಡವಿಕೊಟ್ಟರು. ಕತ್ತಲಾಗುವ ಮುಂಚೆ ನಾವು ಇಳಿದುಬಂದೆವು.