ಜ್ವರವಲ್ಲ ಎಂದ ಡಾಕ್ಟರಮ್ಮ

ಮಂಡ್ಯಕ್ಕೆ ಬಂದಿಳಿದ ಮರುದಿನವೇ ಮನೆಯೊಡತಿ ಕೆಂಪಮ್ಮ ನನ್ನ ಎಡಪಕ್ಕೆಯ ಕೆಳಗೆ ಬೆರಳೊತ್ತಿ ನೋಡಿದಳು. ಗುರುತಿಲ್ಲದವರ ಮೈಗೆ ಹೀಗೆ ಕೈಹಾಕಿದ್ದರೆ ನಮ್ಮ ಧಾರವಾಡದಲ್ಲಿ ಓಣಿಯೇ ಸೇರುತ್ತಿತ್ತು. “ಜ್ವರಗಡ್ಡೆ ಇಲ್ಲ ಬುಡಿ, ಮನೆ ಕೊಡ್ತೀನಿ” ಎಂದಳು. ನಾಲೆ, ಅಂದರೆ ನಮ್ಮ ಕಾಲುವೆ, ಬಂದಮೇಲೆ ಈ ಸೀಮೆಯಲ್ಲಿ ಕಬ್ಬೂ ಹೆಚ್ಚಿದೆ, ಮಲೇರಿಯವೂ ಹೆಚ್ಚಿದೆ. ಅದರಿಂದ ಪಕ್ಕೆಯಲ್ಲಿ ಊದುವ ಗುಲ್ಮವೇ ಜ್ವರಗಡ್ಡೆ.

ನಾನು ಬಂದದ್ದು ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸಲು. ರೊಟ್ಟಿ ಬಿಟ್ಟು ಮುದ್ದೆ ನುಂಗುವುದನ್ನು ಹದಿನೈದೇ ದಿನದಲ್ಲಿ ಕಲಿತವಳು. ಆ ಜಂಬ ಇನ್ನೂ ಇದೆ. ಎರಡನೆಯ ವರ್ಷ ಮಾತ್ರ ಏನೋ ಆಯಿತು. ತಲೆ ಬಾಚಲೂ ಬೇಸರ. ಹುಡುಗಿಯರು ಪದ್ಯ ಒಪ್ಪಿಸಿದರೆ ಒಂದಕ್ಷರವೂ ಕಿವಿಗೆ ಬೀಳದು. ಕಾರಣವಿಲ್ಲದೆ ಅಳು. ಜ್ವರವೆಂದರೆ ಇಲ್ಲಿ ಯಾರೂ ಹೆಚ್ಚು ಕೆದಕುವುದಿಲ್ಲ. ನಾನೂ ಹಾಗೇ ಹೇಳಿದೆ, ಕೊನೆಗೆ ನಾನೇ ನಂಬಿದೆ, ಕಿವಿ ಗುಂಯ್‌ಗುಡುವಷ್ಟು ಕ್ವಿನೈನು ಕುಡಿದೆ. ತಿಂಗಳುಗಳಾದರೂ ಇಳಿಯದಿದ್ದಾಗ ರಾಜೀನಾಮೆ ಬರೆದಿಟ್ಟೆ.

ಕೆಂಪಮ್ಮ ಹಣೆ ಮುಟ್ಟಿದಳು. “ಮೈ ತಣ್ಣಗದೆ ಕಣಮ್ಮ. ಇದ್ಯಾವ ಸೀಮೆ ಜ್ವರ? ನಡೀರಿ, ಆಸ್ಪತ್ರೆಗೆ ಓಗವ. ನಾನೂ ಬತ್ತೀನಿ.”

ಅಲ್ಲಿ ಔಷಧಿಗೆ ಬಾಟಲಿ ನಾವೇ ಒಯ್ಯಬೇಕು. ಡಾಕ್ಟರಮ್ಮ ಪಕ್ಕೆ ನೋಡಿ, ರಕ್ತ ನೋಡಿ, ಬಾಟಲಿಯನ್ನು ಖಾಲಿಯಾಗಿಯೇ ಹಿಂದಿರುಗಿಸಿದರು.

“ಇದು ಜ್ವರ ಅಲ್ಲ, ಮನಸ್ಸಿನ ಕಾಯಿಲೆ. ಸೋಮಾರಿತನ ಅಲ್ಲ, ಹುಚ್ಚೂ ಅಲ್ಲ. ಸಾಯಬೇಕು ಅನ್ನಿಸುತ್ತಾ?”

ಅಷ್ಟು ನೇರವಾಗಿ ಯಾರೂ ಕೇಳಿರಲಿಲ್ಲ. “ಒಮ್ಮೊಮ್ಮೆ” ಎಂದೆ. ಬಾಗಿಲಲ್ಲಿದ್ದ ಕೆಂಪಮ್ಮ ಒಳಗೆ ಬಂದು ನನಗೆ ಒತ್ತಿಕೊಂಡು ಕೂತಳು.

“ಇವರನ್ನು ಒಂಟಿಯಾಗಿ ಬಿಡಬೇಡಿ” ಎಂದು ಅವಳಿಗೆ ಹೇಳಿದ ಡಾಕ್ಟರಮ್ಮ, ಪ್ರತಿ ಗುರುವಾರ ಬಂದು ಮಾತಾಡಿ ಹೋಗಲು ನನಗೆ ಹೇಳಿದರು. ರಾಜೀನಾಮೆಯನ್ನು ಸದ್ಯಕ್ಕೆ ಕೊಡಬಾರದು ಎಂದರು.

“ಅಂಗಾರೆ ಇವತ್ತಿಂದ ಊಟ ನಮ್ಮಟ್ಟೀಲೇ” ಎಂದಳು ಕೆಂಪಮ್ಮ. ಹಟ್ಟಿ ಎಂದರೆ ಇಲ್ಲಿ ಮನೆ. ಬೇಡವೆಂದರೆ ಕೇಳುವ ಪೈಕಿಯಲ್ಲ ಅವಳು.

ವರ್ಷ ಕಳೆಯಿತು. ಗುರುವಾರಗಳಲ್ಲಿ ಮಾತು ಬಂತು, ನಿಧಾನಕ್ಕೆ ನಿದ್ದೆ ಬಂತು, ರಾಜೀನಾಮೆ ಒಲೆಗೆ ಹೋಯಿತು. ಆ ಮಂಕು ಈಗಲೂ ಒಮ್ಮೊಮ್ಮೆ ಬರುತ್ತದೆ. ಬಂದದ್ದು ಗೊತ್ತಾಗುತ್ತದೆ, ಯಾರ ಬಳಿ ಹೋಗಬೇಕೆಂಬುದೂ ಗೊತ್ತು. ಈಗ ಶಾಲೆಯಲ್ಲಿ ನನ್ನ ದನಿಯೇ ದೊಡ್ಡದು.

ಇಲ್ಲಿಗೆ ಬರುವ ಮುಂಚೆ ಗುರುತೇ ಇಲ್ಲದಿದ್ದ ಕೆಂಪಮ್ಮನಿಗೆ ನನ್ನದೆಲ್ಲ ಗೊತ್ತು. ಹೆತ್ತ ಅವ್ವನಿಗೆ ಗೊತ್ತಿಲ್ಲ. ಊರಿಗೆ ಬರೆದ ಪ್ರತಿ ಕಾಗದದಲ್ಲೂ ಜ್ವರವೆಂದೇ ಬರೆದೆ. ಅವ್ವನಿಗೆ ಓದು ಬಾರದು. ನಮ್ಮ ಓಣಿಯವರು ಯಾರಾದರೂ ಇದನ್ನು ಓದಿದರೆ, ದಯವಿಟ್ಟು ಅವಳ ಪಕ್ಕ ಕೂತು, ಗಟ್ಟಿಯಾಗಿ ಓದಿ ಹೇಳಿ.