ಎಡಭುಜದ ಮೇಲಿನ ಬಿಸಿನೀರಿನ ಬ್ಯಾಗು

ಹೊಸ ಬಿಸಿನೀರಿನ ಬ್ಯಾಗನ್ನು ಡಬ್ಬಿಯಿಂದ ತೆಗೆದೆ. ರಬ್ಬರಿನ ವಾಸನೆ ಮೂಗಿಗೆ ಹೊಡೆಯಿತು. ಅಷ್ಟೇ, ಶಿವಮೊಗ್ಗದ ನನ್ನ ಅಡುಗೆಮನೆಯಲ್ಲಿ ನಿಂತಿದ್ದವಳು ಭದ್ರಾವತಿಯ ಓಲ್ಡ್ ಟೌನಿನ ಎದುರುಮನೆ ಹಜಾರಕ್ಕೆ ಹೋಗಿಬಿಟ್ಟೆ. ಆ ಮನೆಯಲ್ಲಿ ಬೆಳಗ್ಗೆ ಕಾಫಿಗಿಂತ ಮೊದಲು ಬರುತ್ತಿದ್ದುದು ಇದೇ ವಾಸನೆ, ಜೊತೆಗೆ ನೀಲಗಿರಿ ಎಣ್ಣೆಯದು...

ಎದುರುಮನೆ ಚಿಕ್ಕಮ್ಮ ನಮಗೆ ಸಂಬಂಧದವರಲ್ಲ. ಬೀದಿಗೆಲ್ಲ ಚಿಕ್ಕಮ್ಮ, ಹಾಗಾಗಿ ನಮಗೂ ಚಿಕ್ಕಮ್ಮ. ಸೀರೆಯ ಸೆರಗಿಗೆ ಕುಚ್ಚು ಕಟ್ಟುವುದರಲ್ಲಿ ಅವರ ಕೈಗೆ ಸಾಟಿಯಿರಲಿಲ್ಲ. ಕಾಯಿಲೆ ಆ ಕೈಯನ್ನೇ ಹಿಡಿಯಿತು. ರುಮಟಾಯ್ಡ್ ಅಂತ ಡಾಕ್ಟರು ಏನೋ ಹೇಳಿದ್ದರಂತೆ. ಆ ಹೆಸರು ಬೀದಿಯಲ್ಲಿ ಯಾರ ನಾಲಿಗೆಗೂ ಹೊರಳಲಿಲ್ಲ. ‘ವಾತ’ ಎಂದೇ ಉಳಿಯಿತು. ಬೆರಳಿನ ಗೆಣ್ಣುಗಳೆಲ್ಲ ಊದಿಕೊಂಡು, ಬೆಳಗ್ಗೆ ಹಾಲಿನ ಪ್ಯಾಕೆಟ್ಟು ಕತ್ತರಿಸಲೂ ಆಗದೆ ನನ್ನನ್ನು ಕೂಗುತ್ತಿದ್ದರು. ನಾನಾಗ ಡಿಗ್ರಿ ಮುಗಿಸಿ ಮನೆಯಲ್ಲೇ ಇದ್ದೆ.

“ನನ್ನ ಬೆರಳು ಗೌರ್ಮೆಂಟ್ ಆಫೀಸಿನವು ಮಾರಾಯ್ತಿ, ಹತ್ತೂವರೆ ಆಗ್ದೆ ಡ್ಯೂಟಿಗೆ ಬರಲ್ಲ” ಎನ್ನುತ್ತಿದ್ದರು. ನಗುವವರೂ ಅವರೇ.

ಬೀದಿಯಲ್ಲಿ ಅವರ ಕಾಯಿಲೆಗೆ ಮದ್ದು ಹೇಳದವರಿರಲಿಲ್ಲ. ಆಲೂಗಡ್ಡೆ ವಾಯು, ಬದನೆಕಾಯಿ ನಂಜು, ಕಡಲೆಬೇಳೆ ಮುಟ್ಟಲೇಬೇಡ... ಪಾಪ, ಆಲೂಗಡ್ಡೆ ಪಲ್ಯವೆಂದರೆ ಪ್ರಾಣ ಬಿಡುತ್ತಿದ್ದ ಹೆಂಗಸು ಅದನ್ನೂ ಬಿಟ್ಟರು. ನೋವು ತಡೆಯದಾದಾಗ ಮೆಡಿಕಲ್ ಶಾಪಿನಿಂದ ಮಾತ್ರೆ ತರಿಸಿ ನುಂಗುತ್ತಿದ್ದರು. ಹೃದಯದ ಸುದ್ದಿಯನ್ನು ಮಾತ್ರ ಯಾರೂ ಎತ್ತಲಿಲ್ಲ. ಎತ್ತುವುದಾದರೂ ಯಾಕೆ? ಹಾರ್ಟ್ ಅಟ್ಯಾಕ್ ಆಗುವುದು ಹೊಟ್ಟೆ ಬಂದ ಗಂಡಸರಿಗೆ, ಸಿಗರೇಟು ಸೇದುವವರಿಗೆ ಎಂದು ನಾವೆಲ್ಲ ತಿಳಿದಿದ್ದೆವು. ಚಿಕ್ಕಮ್ಮ ಕಡ್ಡಿಯ ಹಾಗಿದ್ದರು. ಐವತ್ತೂ ತುಂಬಿರಲಿಲ್ಲ.

ಆ ದಿನ ಬೆಳಗ್ಗೆ ನಾನೂ ಅಮ್ಮನೂ ಹೋದಾಗ ಅವರು ಹಜಾರದ ಕುರ್ಚಿಯಲ್ಲಿ ಕೂತಿದ್ದರು. ಬ್ಯಾಗು ಕೈಬೆರಳ ಮೇಲಿರಲಿಲ್ಲ, ಎಡಭುಜದ ಮೇಲಿತ್ತು. ಹಣೆಯಲ್ಲಿ ಬೆವರು.

“ಇವತ್ತು ಭುಜಕ್ಕೆ ಏರಿದೆ ಕಣೇ. ದವಡೆನೂ ಹಿಡ್ಕೊಂಡಂಗಾಗಿದೆ” ಎಂದರು.

ಆಸ್ಪತ್ರೆಗೆ ಹೋಗಿಬರೋಣವೇ ಎಂದು ಅವರ ಯಜಮಾನರು ಕೇಳಿದರು. ಫ್ಯಾಕ್ಟರಿಯ ಕೆಲಸಕ್ಕೆ ಹೊರಟು ನಿಂತಿದ್ದವರು, ಟಿಫನ್ ಕ್ಯಾರಿಯರನ್ನು ಕೆಳಗಿಟ್ಟೇ ಕೇಳಿದರು. ಚಿಕ್ಕಮ್ಮ ಗದರಿದರು. “ಇದು ನನ್ನ ಹಳೇ ನೋವೇ ಕಣ್ರೀ. ಇಷ್ಟು ವರ್ಷ ಜೊತೇಲಿ ಬಾಳ್ವೆ ಮಾಡಿದೀನಿ, ನನಗೆ ಗುರುತಿಲ್ವಾ? ನೀವು ಡ್ಯೂಟಿಗೆ ಹೊರಡಿ.”

ಅವರೇ ಹಾಗೆಂದ ಮೇಲೆ ಇನ್ನು ಯಾರು ಮಾತಾಡುತ್ತಾರೆ? ಬ್ಯಾಗು ಆರಿದೆಯೆಂದು ಅಮ್ಮ ಒಳಗೆ ಹೋಗಿ ನೀರು ಕಾಯಿಸಿದರು, ತುಂಬಿ ತಂದು ಭುಜದ ಮೇಲಿಟ್ಟರು. “ಹಾ... ಈಗ ಹಾಯ್ ಅನ್ಸ್ತಿದೆ” ಎಂದರು ಚಿಕ್ಕಮ್ಮ. ಅದೇ ಕೊನೆಯ ಮಾತು. ಕತ್ತು ವಾಲಿತು.

ಪಕ್ಕದ ಮನೆಯವರ ಕಾರಿನಲ್ಲಿ ಶಿವಮೊಗ್ಗಕ್ಕೆ ಹೊರಟೆವು. ಮಲವಗೊಪ್ಪ ದಾಟುವಾಗ ಯಜಮಾನರು ಅವರ ಅಂಗೈ ಉಜ್ಜುವುದನ್ನು ನಿಲ್ಲಿಸಿದರು. ಯಾಕೆ ನಿಲ್ಲಿಸಿದರೆಂದು ಯಾರೂ ಕೇಳಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು “ಹಾರ್ಟು” ಎಂದಾಗ ಅಮ್ಮ ಅವರೊಡನೆ ಜಗಳಕ್ಕೇ ನಿಂತರು. “ಹಾರ್ಟ್ ಅಲ್ಲ ಸಾರ್, ಸರಿಯಾಗಿ ನೋಡಿ. ಅವಳಿಗಿರೋದು ಕೈಕಾಲಿನ ಕಾಯಿಲೆ.” ಗಡಿಬಿಡಿಯಲ್ಲಿ ಆ ಬ್ಯಾಗನ್ನು ನಾನು ಎದೆಗವಚಿಕೊಂಡೇ ಬಂದಿದ್ದೆ. ಅದಿನ್ನೂ ಬಿಸಿಯಾಗಿತ್ತು.

ಎರಡು ಕಾಯಿಲೆ, ಎರಡು ಹಣೆಬರಹ ಎಂದುಕೊಂಡೇ ಇಷ್ಟು ವರ್ಷ ಇದ್ದೆ. ಹೋದ ವಾರದವರೆಗೂ.

ಈಗ ನನ್ನ ಬೆರಳುಗಳೂ ಬೆಳಗ್ಗೆ ಮಡಚುವುದಿಲ್ಲ. ಇಲ್ಲೇ ಶಿವಮೊಗ್ಗದಲ್ಲಿ ಕೀಲಿನ ಕಾಯಿಲೆಯ ಡಾಕ್ಟರಮ್ಮನ ಹತ್ತಿರ ಹೋದೆ. ಅವರು ಗೆಣ್ಣುಗಳನ್ನು ಒತ್ತಿ ನೋಡಿದರು, ರುಮಟಾಯ್ಡ್ ಎಂದರು. ಆಮೇಲೆ ಬಿಪಿ ನೋಡಿದರು, ಕೊಲೆಸ್ಟ್ರಾಲ್ ಪರೀಕ್ಷೆಗೆ ಬರೆದರು, ಇಸಿಜಿ ಮಾಡಿಸಿ ಎಂದರು. ನನಗೆ ರೇಗಿತು.

“ಬೆರಳು ನೋವು ಅಂದ್ರೆ ಎದೆ ಯಾಕೆ ನೋಡ್ತೀರಿ ಮೇಡಂ?”

“ಈ ಕಾಯಿಲೆ ಕೀಲಲ್ಲೇ ಇರಲ್ಲಮ್ಮ. ಒಳಗಿನ ಉರಿ ರಕ್ತನಾಳಕ್ಕೂ ತಾಗುತ್ತೆ. ಹಾರ್ಟ್ ತೊಂದರೆ ಬೇರೆಯವರಿಗಿಂತ ಬೇಗ ಬರಬಹುದು, ಸಣ್ಣಗಿರೋರಿಗೂ ಬರಬಹುದು. ಹೆದರಬೇಡಿ. ಔಷಧಿ ಬಿಡಬೇಡಿ, ವರ್ಷ ವರ್ಷ ಹಾರ್ಟೂ ಚೆಕ್ ಮಾಡಿಸಿ.”

ಹಾಗಾದರೆ ಎರಡಲ್ಲ... ಒಂದೇ. ಬೀದಿಯವರೆಲ್ಲ ಸೇರಿ ಆಲೂಗಡ್ಡೆ ಬಿಡಿಸಿದ ಆ ಕಾಯಿಲೆಯೇ ಸದ್ದಿಲ್ಲದೆ ಎದೆಯವರೆಗೆ ನಡೆದುಬಂದಿತ್ತು.

“ಎಡಭುಜ ನೋವು, ದವಡೆ ಹಿಡಿತ, ಬೆವರು... ಅದೂ ವಾತ ಇರಬಹುದಲ್ವಾ ಮೇಡಂ?” ಎಂದೆ. ಡಾಕ್ಟರಮ್ಮ ಬರೆಯುತ್ತಿದ್ದ ಪೆನ್ನು ಬಿಟ್ಟು ಎದ್ದೇಬಿಟ್ಟರು. “ಯಾರಿಗೆ? ಈಗ ಎಲ್ಲಿದಾರೆ?”

“ತುಂಬಾ ವರ್ಷ ಆಯ್ತು” ಎಂದೆ.

ಪಕ್ಕದ ಕೋಣೆಯಲ್ಲಿ ನರ್ಸ್ ಎದೆಗೆ, ಕೈಗೆ, ಕಾಲಿಗೆ ವೈರು ಸಿಕ್ಕಿಸಿದಳು. ಉಸಿರು ಬಿಗಿಹಿಡಿದು ಮಲಗಿದೆ. ಮೆಷಿನ್ನು ಕಿರ್ ಎಂದು ಒಂದು ಕಾಗದ ಬಿಟ್ಟಿತು. ಅವಳು ವೈರು ಬಿಚ್ಚತೊಡಗಿದಳು.

“ಇಷ್ಟೇನಾ?”

“ಇಷ್ಟೇ ಅಕ್ಕ, ನಾರ್ಮಲ್ ಬಂದಿದೆ. ಯಾಕೆ ಅಳ್ತಿದೀರಾ?”

ಕಣ್ಣೊರೆಸಿಕೊಂಡು ಎದ್ದು ಬಂದೆ. ಈಗ ಒಲೆಯ ಮೇಲೆ ನೀರು ಕಾಯುತ್ತಿದೆ, ಕೈಯಲ್ಲಿ ಖಾಲಿ ಬ್ಯಾಗು. ಅವತ್ತು ಅಮ್ಮನೂ ಹೀಗೇ ಒಲೆಯ ಮುಂದೆ ನಿಂತಿದ್ದರು. ನೀರಿನ್ನೂ ಕುದಿ ಬಂದಿಲ್ಲ. ಆ ಇಸಿಜಿ ಪರೀಕ್ಷೆಗೆ ಇಷ್ಟು ಹೊತ್ತೂ ಹಿಡಿದಿರಲಿಲ್ಲ.